ಹಲ್ಲಿನೊಳಗೊಂದು ಗಾಜಿನೆಳೆಯ ಗೂಟ

ರೂಟ್ ಕೆನಾಲ್ ಮಾಡಿಸಿಕೊಂಡು ಹೋದವರಿಗೆ ‘ಹಲ್ಲು ಕಟ್ಟುವುದು ಬಾಕಿ ಇದೆ, ಯಾವತ್ತು ಬರುತ್ತೀರಿ?’ ಎಂದು ಫೋನ್ ಮಾಡುವುದು ನನ್ನ ದಿನದ ಕೆಲಸಗಳಲ್ಲೊಂದು. ಆ ಕಡೆಯಿಂದ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ‘ನೋವು ಹೋಗೇತ್ರಿ ಮೇಡಂ, ಮತ್ಯಾಕ ಬರಬೇಕ್ರಿ?’ ಕನ್ನಡದಲ್ಲಿ ಮಾತಾಡುವವರೂ ಇದನ್ನೇ ಕೇಳುತ್ತಾರೆ, ಮರಾಠಿಯಲ್ಲಿ ಮಾತಾಡುವವರೂ ಇದನ್ನೇ ಕೇಳುತ್ತಾರೆ. ನಮ್ಮ ಗಡಿ ಭಾಗದಲ್ಲಿ ಹಲ್ಲಿನ ವಿಷಯಕ್ಕೆ ಮಾತ್ರ ಎರಡೂ ಭಾಷೆಯವರದು ಒಂದೇ ಅಭಿಪ್ರಾಯ.

ನಾನು ಭೋಜದವಳು. ವೇದಗಂಗಾ ನದಿ ಬಂದು ದೂಧಗಂಗೆಯನ್ನು ಕೂಡುವ ಕಡೆ ಇರುವ ಊರು. ಹೊರಗಿನವರಿಗೆ ದಿಗಂಬರ ಮುನಿ ಆಚಾರ್ಯ ಶಾಂತಿಸಾಗರರ ಊರು ಎಂದರೆ ಬೇಗ ಗೊತ್ತಾಗುತ್ತದೆ. ಬಿಡಿಎಸ್ ಮುಗಿಸಿ ಈಗ ನಿಪ್ಪಾಣಿಯ ಒಂದು ಕ್ಲಿನಿಕ್‌ನಲ್ಲಿ ಹಿರಿಯ ವೈದ್ಯರೊಬ್ಬರ ಕೈಕೆಳಗೆ ಕೆಲಸ ಮಾಡುತ್ತಿದ್ದೇನೆ, ರಾತ್ರಿ ನೀಟ್ ಎಂಡಿಎಸ್‌ಗೆ ಓದುತ್ತೇನೆ. ಬೆಳಿಗ್ಗೆ ನನ್ನ ಜೊತೆ ಬಸ್ಸಿನಲ್ಲಿ ನಿಂತು ಬರುವವರೆಲ್ಲ ಕಾಲೇಜಿನವರು, ಕೋಚಿಂಗ್‌ಗೆ ಹೋಗುವವರು, ಕೆಲಸ ಹುಡುಕುವವರು. ಮಧ್ಯಾಹ್ನ ನಮ್ಮ ಕುರ್ಚಿಯಲ್ಲಿ ಬಾಯಿ ತೆರೆದು ಕೂರುವವರಲ್ಲೂ ಬಹಳಷ್ಟು ಜನ ಅವರೇ. ಹಾಗಾಗಿ ಫೋನಿನಲ್ಲಿ ಎರಡು ನಿಮಿಷದಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಲ್ಲಿನ ಹೊರಗೆ ಎನಾಮಲ್ ಎಂಬ ಬಿಳಿ ಕವಚ, ಅದರೊಳಗೆ ಡೆಂಟಿನ್, ನಟ್ಟನಡುವೆ ನರ ಮತ್ತು ರಕ್ತನಾಳಗಳಿರುವ ಮೆತ್ತನೆಯ ತಿರುಳು. ಹುಳುಕು ತಿರುಳನ್ನು ಮುಟ್ಟಿದಾಗ, ಇಲ್ಲವೇ ಪೆಟ್ಟು ಬಿದ್ದು ತಿರುಳು ಸತ್ತಾಗ, ಅದನ್ನು ತೆಗೆದು, ಬೇರಿನೊಳಗಿನ ಸಣ್ಣ ಕಾಲುವೆಯನ್ನು ತೊಳೆದು, ಗಟ್ಟಾಪರ್ಚಾ ಎಂಬ ರಬ್ಬರಿನಂಥ ವಸ್ತು ತುಂಬಿ ಮುಚ್ಚುತ್ತೇವೆ. ಇದು ರೂಟ್ ಕೆನಾಲ್. ನೋವು ಇಲ್ಲಿಗೆ ಮುಗಿಯುತ್ತದೆ. ಆದರೆ ಹಲ್ಲಿನ ಕೆಲಸ ಅರ್ಧವಷ್ಟೇ ಆಗಿರುತ್ತದೆ.

ರೂಟ್ ಕೆನಾಲ್ ಮಾಡಿದ ಹಲ್ಲು ಒಣಗಿ ಕಟ್ಟಿಗೆಯಂತೆ ಪೆಡಸಾಗುತ್ತದೆ, ಅದಕ್ಕೇ ಮುರಿಯುತ್ತದೆ ಎಂಬ ಮಾತಿದೆ. ನಾನೂ ಕಾಲೇಜು ಸೇರುವ ಮೊದಲು ಹಾಗೇ ಕೇಳಿದ್ದೆ. 1992ರಲ್ಲಿ ಸೆಡ್ಜ್ಲಿ ಮತ್ತು ಮೆಸ್ಸರ್ ಎಂಬ ಸಂಶೋಧಕರು ಒಬ್ಬರದೇ ಬಾಯಿಯ ಜೋಡಿ ಹಲ್ಲುಗಳನ್ನು, ಒಂದು ಚಿಕಿತ್ಸೆ ಆದದ್ದು, ಇನ್ನೊಂದು ಜೀವಂತ ಇದ್ದದ್ದು, ಪಕ್ಕಪಕ್ಕ ಇಟ್ಟು ಪರೀಕ್ಷಿಸಿ, ಪೆಡಸುತನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದರು. ಹಾಗಾದರೆ ಮುರಿಯುವುದೇಕೆ? ಇದಕ್ಕೆ ಉತ್ತರ 1989ರ ಇನ್ನೊಂದು ಪ್ರಯೋಗದಲ್ಲಿದೆ. ರೂಟ್ ಕೆನಾಲ್‌ಗಾಗಿ ಹಲ್ಲಿನ ಮೇಲೆ ಬಾಗಿಲು ತೆರೆದದ್ದರಿಂದ ಹಲ್ಲಿನ ಬಿಗಿ ಕಡಿಮೆಯಾದದ್ದು ಬರೀ 5%. ಮೇಲ್ಭಾಗದಲ್ಲಿ ಹುಳುಕಿನ ಗುಂಡಿ ಇದ್ದರೆ 20%. ಅದೇ ಗುಂಡಿ ಎರಡೂ ಪಕ್ಕದ ಅಂಚುಗಳನ್ನು ಒಡೆದುಕೊಂಡು ಹೋಗಿದ್ದರೆ 63%. ಅಂದರೆ ಹಲ್ಲನ್ನು ದುರ್ಬಲಗೊಳಿಸುವುದು ಚಿಕಿತ್ಸೆಯಲ್ಲ, ಅದಕ್ಕೂ ಮೊದಲು ಹುಳುಕು ತಿಂದುಹಾಕಿದ ಗೋಡೆ. ಮನೆಗೆ ಬಾಗಿಲು ಕೊರೆದರೆ ಮನೆ ಬೀಳುವುದಿಲ್ಲ, ಎರಡು ಗೋಡೆ ಕಿತ್ತರೆ ಬೀಳುತ್ತದೆ.

ಅದರ ಮೇಲೆ ಕ್ಯಾಪ್ ಇಲ್ಲದೆ ತಿರುಗಾಡಿದರೆ ಏನಾಗುತ್ತದೆ ಎಂಬುದಕ್ಕೂ ಲೆಕ್ಕವಿದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಅಕ್ವಿಲಿನೊ ಮತ್ತು ಕ್ಯಾಪ್ಲನ್ 2002ರಲ್ಲಿ ಹಳೆಯ ದಾಖಲೆಗಳನ್ನು ತೆಗೆದು ನೋಡಿದಾಗ, ರೂಟ್ ಕೆನಾಲ್ ನಂತರ ಕ್ಯಾಪ್ ಹಾಕದ ಹಲ್ಲುಗಳು ಕ್ಯಾಪ್ ಹಾಕಿದವುಗಳಿಗಿಂತ ಆರು ಪಟ್ಟು ಹೆಚ್ಚು ವೇಗದಲ್ಲಿ ಕಿತ್ತುಹೋಗಿದ್ದವು. ಫೋನ್ ಮಾಡುವಾಗ ನನ್ನ ತಲೆಯಲ್ಲಿರುವುದು ಈ ಸಂಖ್ಯೆ.

ಹೋದ ಕಬ್ಬಿನ ಸುಗ್ಗಿಯಲ್ಲಿ ನಮ್ಮ ಕಡೆಯ ಹುಡುಗನೊಬ್ಬ ಬಂದ. ಬರೆಯಲು ಅಡ್ಡಿಯಿಲ್ಲ, ಹೆಸರು ಮಾತ್ರ ಬೇಡ ಎಂದಿದ್ದಾನೆ. ಬಿ.ಎ. ಎರಡನೇ ವರ್ಷ. ಬೆಳಗಿನ ಜಾವ ಐದಕ್ಕೆ ಎದ್ದು ಓಡುವ, ಸೇನಾ ಭರ್ತಿಯ ರ‍್ಯಾಲಿಗೆ ದಿನ ಎಣಿಸುವ ಹುಡುಗರಲ್ಲಿ ಒಬ್ಬ. ಪಿಯುಸಿಯಲ್ಲಿ ವಾಲಿಬಾಲ್ ಆಡುವಾಗ ಮೇಲಿನ ಮುಂದಿನ ಹಲ್ಲಿಗೆ ಪೆಟ್ಟು ಬಿದ್ದು ಅರ್ಧ ಚೂರಾಗಿತ್ತು. ಆಮೇಲೆ ಬಣ್ಣ ಕಪ್ಪಗಾಗಿ, ಕೀವು ತುಂಬಿ, ರೂಟ್ ಕೆನಾಲ್ ಆಯಿತು. ಕ್ಯಾಪ್ ಹಾಕಿಸಬೇಕೆಂದು ಹೇಳಿದ್ದರು. ಅದಕ್ಕೆಂದು ತೆಗೆದಿಟ್ಟಿದ್ದ ದುಡ್ಡು ಅಕ್ಕನ ಮದುವೆಗೆ ಹೋಯಿತು. ಇದನ್ನು ಅಲಕ್ಷ್ಯ ಎನ್ನಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಮನೆಗಳಲ್ಲಿ ಖರ್ಚಿನ ಸಾಲಿನಲ್ಲಿ ನೋವಿಲ್ಲದ ಹಲ್ಲು ಎಲ್ಲರಿಗಿಂತ ಹಿಂದೆ ನಿಲ್ಲುತ್ತದೆ. ಎಂಟು ತಿಂಗಳ ನಂತರ ಹೊಲದಲ್ಲಿ ಕಬ್ಬಿನ ಸಿಪ್ಪೆ ಸುಲಿಯಲು ಕಚ್ಚಿದ, ಹಲ್ಲು ಲಟಕ್ಕೆಂದಿತು. ವಸಡಿನ ಮೇಲೆ ಒಂದಿಷ್ಟು ಮೋಟು ಮಾತ್ರ ಉಳಿದಿತ್ತು.

ಅವನಿಗಿದ್ದ ಪ್ರಶ್ನೆ ಎರಡು. ಹಲ್ಲು ಉಳಿಯುತ್ತದೆಯೇ? ಉಳಿಯುವುದಾದರೆ ‘ಒಳಗ ಸ್ಟೀಲ್ ಹಾಕ್ರಿ ಡಾಕ್ಟ್ರೇ, ಗಟ್ಟಿ ಇರ್ತೈತಿ’ ಎಂಬುದು ಅವನ ಬೇಡಿಕೆ. ಬೇಡಿಕೆಯ ವಿಷಯ ಮೊದಲು ಹೇಳುತ್ತೇನೆ.

ಗಟ್ಟಿ ಎಂದರೆ ಸ್ಟೀಲೇ?

ಮೋಟು ಹಲ್ಲಿನ ಮೇಲೆ ನೇರವಾಗಿ ಕ್ಯಾಪ್ ಕೂರುವುದಿಲ್ಲ. ಕ್ಯಾಪ್ ಹಿಡಿಯಲು ಒಳಗೆ ಒಂದು ದಿಂಡು ಬೇಕು, ನಾವು ಕೋರ್ ಎನ್ನುತ್ತೇವೆ. ದಿಂಡು ನಿಲ್ಲಲು ಬೇರಿನೊಳಗೆ ಇಳಿದ ಗೂಟ ಬೇಕು, ಅದು ಪೋಸ್ಟ್. ಇದು ಹೊಸ ಯೋಚನೆಯೇನಲ್ಲ. ಆಧುನಿಕ ದಂತವೈದ್ಯಕೀಯದ ಪಿತಾಮಹ ಎನ್ನಲಾಗುವ ಫ್ರಾನ್ಸಿನ ಪಿಯರ್ ಫೊಶಾರ್ 1728ರಲ್ಲಿ ಪ್ರಕಟಿಸಿದ ಪುಸ್ತಕದಲ್ಲೇ ಬೇರಿನೊಳಗೆ ಚಿನ್ನ, ಬೆಳ್ಳಿಯ ಗೂಟ ಇಳಿಸಿ ಕೃತಕ ಹಲ್ಲು ಕೂರಿಸುವ ಬಗ್ಗೆ ಬರೆದಿದ್ದ. ಮುಂದೆ ಕೆಲವರು ಕಟ್ಟಿಗೆಯ ಗೂಟ ಹಾಕಿದರು. ಅದು ಬಾಯಿಯ ತೇವ ಹೀರಿ ಉಬ್ಬಿ ಬೇರನ್ನೇ ಸೀಳುತ್ತಿತ್ತು. ಕಲ್ಲು ಒಡೆಯುವವರು ಬಿರುಕಿನಲ್ಲಿ ಒಣ ಕಟ್ಟಿಗೆ ತುರುಕಿ ನೀರು ಹಾಕುತ್ತಿದ್ದುದನ್ನು ಹಿರಿಯರಿಂದ ಕೇಳಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಆಮೇಲೆ ದೀರ್ಘಕಾಲ ಎರಕದ ಲೋಹದ ಪೋಸ್ಟ್‌ಗಳೇ ರಾಜ್ಯವಾಳಿದವು. ಈಗಲೂ ಕೆಲವು ಸಂದರ್ಭಗಳಲ್ಲಿ ಅವೇ ಬೇಕು.

1990ರಲ್ಲಿ ಫ್ರಾನ್ಸಿನ ಫ್ರಾಂಸ್ವಾ ಡ್ಯುರೆ ಮತ್ತು ಸಂಗಡಿಗರು ಕಾರ್ಬನ್ ಎಳೆಗಳ ಪೋಸ್ಟ್ ತಂದರು. ಕೆಲಸ ಚೆನ್ನಾಗಿತ್ತು, ಬಣ್ಣ ಕಪ್ಪು. ಮುಂದಿನ ಹಲ್ಲಿನೊಳಗೆ ಕಪ್ಪು ಗೂಟ ಯಾರಿಗೆ ಬೇಕು? ಆ ದಶಕ ಮುಗಿಯುವುದರೊಳಗೆ ಗಾಜಿನ ಎಳೆ, ಕ್ವಾರ್ಟ್ಸ್ ಎಳೆಗಳ ಬಿಳಿ ಪೋಸ್ಟ್‌ಗಳು ಬಂದವು. ಇಂದು ಫೈಬರ್ ಪೋಸ್ಟ್ ಎಂದು ನಿಮ್ಮ ಬಿಲ್ಲಿನಲ್ಲಿ ಬರೆಯುವುದು ಇದನ್ನೇ. ಕೂದಲಿಗಿಂತ ಸಣ್ಣ ಗಾಜಿನ ಎಳೆಗಳನ್ನು ಸಾವಿರಗಟ್ಟಲೆ ಉದ್ದಕ್ಕೆ ಜೋಡಿಸಿ ರಾಳದಲ್ಲಿ ಬಿಗಿದು ಮಾಡಿದ, ದಪ್ಪ ಸೂಜಿಯಂಥ ಕಡ್ಡಿ. ಕೈಯಲ್ಲಿ ಹಿಡಿದರೆ ‘ಇದೇನು ಹಲ್ಲು ಹಿಡಿಯುತ್ತದೆ?’ ಅನ್ನಿಸುತ್ತದೆ. ಆ ಹುಡುಗನಿಗೂ ಹಾಗೇ ಅನ್ನಿಸಿತು.

ಸ್ಟೀಲ್ ಯಾಕೆ ಬೇಡ ಎಂದು ನಮ್ಮ ವೈದ್ಯರು ಅವನಿಗೆ ಹೇಳಿದ ರೀತಿ ಸರಳವಾಗಿತ್ತು. ಒಂದು ಬಿದಿರಿನ ಕೋಲಿನೊಳಗೆ ಅರ್ಧದವರೆಗೆ ಕಬ್ಬಿಣದ ಸರಳು ತುರುಕಿ, ಕೋಲನ್ನು ಬಗ್ಗಿಸು. ಬಿದಿರು ಬಾಗಲು ನೋಡುತ್ತದೆ, ಸರಳು ಬಾಗುವುದಿಲ್ಲ. ಸರಳಿನ ತುದಿ ಎಲ್ಲಿ ಮುಗಿಯುತ್ತದೋ ಅಲ್ಲೇ ಬಿದಿರು ಸೀಳುತ್ತದೆ. ಅದೇ ಕೋಲಿನೊಳಗೆ ಬೆತ್ತ ತುರುಕಿದರೆ ಎರಡೂ ಕೂಡಿ ಬಾಗುತ್ತವೆ. ಹಲ್ಲೂ ಅಗಿಯುವಾಗ ನಮಗೆ ಕಾಣದಷ್ಟು ಬಾಗುತ್ತದೆ. ಬಾಗದಿರುವ ಗುಣವನ್ನು ಗಿಗಾಪಾಸ್ಕಲ್‌ನಲ್ಲಿ ಅಳೆಯುತ್ತಾರೆ. ಡೆಂಟಿನ್‌ನದು ಸುಮಾರು 18. ಸ್ಟೀಲ್‌ನದು 200ರ ಆಸುಪಾಸು, ಟೈಟಾನಿಯಂನದು ಸುಮಾರು 110. ಗಾಜಿನೆಳೆಯ ಪೋಸ್ಟ್‌ನದು ಕಂಪನಿಯಿಂದ ಕಂಪನಿಗೆ ಬದಲಾದರೂ ಸಾಮಾನ್ಯವಾಗಿ 20ರಿಂದ 50ರ ನಡುವೆ. ಹಲ್ಲಿನ ಸ್ವಭಾವಕ್ಕೆ ಹತ್ತಿರದ ನೆಂಟ ಇದೇ.

ಹಾಗೆಂದು ಫೈಬರ್ ಪೋಸ್ಟ್ ಹಾಕಿದರೆ ಹಲ್ಲು ಗಟ್ಟಿಯಾಗುತ್ತದೆ ಎಂದುಕೊಳ್ಳಬೇಡಿ. ಇದನ್ನು ಸ್ವಲ್ಪ ಒತ್ತಿ ಹೇಳಬೇಕು, ಯಾಕೆಂದರೆ ‘ಹಲ್ಲಿಗೆ ಬಲ ಕೊಡುವ ಪೋಸ್ಟ್’ ಎಂಬ ಮಾತು ರೋಗಿಗಳ ಬಾಯಲ್ಲೂ ಇದೆ, ಕೆಲವು ಬೋರ್ಡುಗಳ ಮೇಲೂ ಇದೆ. ಯಾವ ಪೋಸ್ಟೂ ಹಲ್ಲಿಗೆ ಬಲ ಕೊಡುವುದಿಲ್ಲ. 1984ರಲ್ಲಿ ಸೊರೆನ್ಸನ್ ಮತ್ತು ಮಾರ್ಟಿನಾಫ್ ರೂಟ್ ಕೆನಾಲ್ ಆದ 1,273 ಹಲ್ಲುಗಳನ್ನು ಪರಿಶೀಲಿಸಿ ಬರೆದದ್ದೂ ಹೆಚ್ಚುಕಡಿಮೆ ಇದೇ. ಹಿಂದಿನ ಹಲ್ಲುಗಳಿಗೆ ಕ್ಯಾಪ್‌ನಿಂದ ಲಾಭವಾಗಿತ್ತು, ಒಳಗೆ ಹಾಕಿದ ಪೋಸ್ಟ್‌ನಿಂದ ಬಲ ಬಂದಿರಲಿಲ್ಲ. ಪೋಸ್ಟ್‌ಗೆ ಜಾಗ ಮಾಡಲು ಬೇರಿನೊಳಗೆ ಕೊರೆಯಬೇಕಾಗುವುದರಿಂದ, ಒಂದಿಷ್ಟು ಬಲ ಹೋಗುವುದೇ ಹೆಚ್ಚು. ದಿಂಡು ಹಿಡಿದು ನಿಲ್ಲಿಸುವುದಷ್ಟೇ ಅದರ ಕೆಲಸ.

ಹಾಗಾದರೆ ಫೈಬರ್‌ನ ಹೆಚ್ಚುಗಾರಿಕೆ ಏನು? ನನ್ನ ಮಟ್ಟಿಗೆ ಅದು ಗೆಲ್ಲುವ ರೀತಿಯಲ್ಲಿಲ್ಲ, ಸೋಲುವ ರೀತಿಯಲ್ಲಿದೆ. ಲೋಹದ ಪೋಸ್ಟ್ ಸೋತಾಗ ಹಲವು ಸಲ ಬೇರನ್ನು ಉದ್ದಕ್ಕೆ ಸೀಳಿಕೊಂಡೇ ಸೋಲುತ್ತದೆ. ಸೀಳಿದ ಬೇರಿಗೆ ಮದ್ದಿಲ್ಲ, ಕೀಳಬೇಕು. ಫೈಬರ್ ಪೋಸ್ಟ್ ಸೋತಾಗ ಸಾಮಾನ್ಯವಾಗಿ ಅಂಟು ಬಿಡುತ್ತದೆ ಅಥವಾ ಪೋಸ್ಟೇ ಮುರಿಯುತ್ತದೆ. ಬೇರು ಹಾಗೇ ಉಳಿದಿರುತ್ತದೆ, ತೊಳೆದು ಮತ್ತೆ ಕೂರಿಸಬಹುದು. ಇಟಲಿಯ ಮಾರ್ಕೊ ಫೆರಾರಿ ಮತ್ತು ಸಂಗಡಿಗರು 2000ನೇ ಇಸವಿಯಲ್ಲಿ 1,304 ಫೈಬರ್ ಪೋಸ್ಟ್‌ಗಳ ಒಂದರಿಂದ ಆರು ವರ್ಷಗಳ ಕಥೆ ಪ್ರಕಟಿಸಿದರು. ವಿಫಲವಾದವು ಸುಮಾರು 3%. ಅವುಗಳಲ್ಲಿ ಹೆಚ್ಚಿನವು ಅಂಟು ಬಿಟ್ಟವು, ಉಳಿದವು ಬೇರಿನ ತುದಿಯ ಸೋಂಕಿನವು. ಇಷ್ಟು ಒಳ್ಳೆಯ ಫಲಿತಾಂಶ ಎಲ್ಲ ಅಧ್ಯಯನಗಳಲ್ಲಿ ಬಂದಿಲ್ಲ, ಆದರೆ ಸೋಲಿನ ರೀತಿ ಮಾತ್ರ ಬಹುತೇಕ ಕಡೆ ಇದೇ. ಇಪ್ಪತ್ತರ ಹುಡುಗನಿಗೆ ಆ ಹಲ್ಲು ಇನ್ನೂ ಐವತ್ತು ವರ್ಷ ಬೇಕಲ್ಲ, ಎರಡನೇ ಅವಕಾಶ ಇರುವ ದಾರಿಯೇ ಮೇಲು.

ಎರಡು ಮಿಲಿಮೀಟರ್

ಇನ್ನು ಅವನ ಮೊದಲ ಪ್ರಶ್ನೆ, ಹಲ್ಲು ಉಳಿಯುತ್ತದೆಯೇ ಎಂಬುದು. ಇದನ್ನು ತೀರ್ಮಾನಿಸಿದ್ದು ಪೋಸ್ಟ್ ಅಲ್ಲ, ಮಿಲಿಮೀಟರ್ ಗೆರೆಗಳಿರುವ ಒಂದು ಸಣ್ಣ ಸಲಾಕೆ.

ಬಡಿಗರ ಉಳಿ ನೋಡಿದ್ದೀರಲ್ಲ? ಕಟ್ಟಿಗೆಯ ಹಿಡಿಕೆಗೆ ಒಂದು ಲೋಹದ ಬಳೆ ಇರುತ್ತದೆ. ಎಷ್ಟು ಸುತ್ತಿಗೆ ಏಟು ಬಿದ್ದರೂ ಹಿಡಿಕೆ ಸೀಳದಂತೆ ಕಾಯುವುದು ಆ ಬಳೆ. ಎತ್ತಿನ ಬಂಡಿಯ ಗಾಲಿಗೆ ಕಮ್ಮಾರರು ಬಿಸಿ ಮಾಡಿ ಏರಿಸುವ ಕಬ್ಬಿಣದ ಪಟ್ಟಿಯೂ ಅದೇ ಕೆಲಸ ಮಾಡುತ್ತದೆ. ಹಲ್ಲಿನ ಕ್ಯಾಪ್‌ನ ಅಂಚೂ ಹಾಗೇ, ವಸಡಿನ ಮೇಲೆ ಉಳಿದ ಗಟ್ಟಿ ಹಲ್ಲನ್ನು ಸುತ್ತಲೂ ಅಪ್ಪಿ ಹಿಡಿಯಬೇಕು. ಇದಕ್ಕೆ ಫೆರೂಲ್ ಎಂದು ಹೆಸರು. ಅಪ್ಪಿಕೊಳ್ಳಲು ಸುತ್ತಲೂ ಕನಿಷ್ಠ ಒಂದೂವರೆಯಿಂದ ಎರಡು ಮಿಲಿಮೀಟರ್ ಎತ್ತರದ ಸ್ವಂತ ಹಲ್ಲು ಬೇಕು. ಅಷ್ಟು ಇದ್ದರೆ ಕಚ್ಚುವ ಬಲ ಹಲ್ಲಿನ ಗೋಡೆಗೆ ಹಂಚಿಹೋಗುತ್ತದೆ. ಇಲ್ಲದಿದ್ದರೆ ಎಲ್ಲ ಬಲವೂ ಪೋಸ್ಟ್ ಮೇಲೆ, ಅದರ ಅಂಟಿನ ಮೇಲೆ. ಆಗ ಯಾವ ದೇಶದ ಪೋಸ್ಟ್ ತಂದರೂ ಅಷ್ಟೇ.

ಅವನ ಹಲ್ಲಿನಲ್ಲಿ ಅಂಗಳದ ಕಡೆ ಮೂರು ಮಿಲಿಮೀಟರ್ ಉಳಿದಿತ್ತು, ತುಟಿಯ ಕಡೆ ಎರಡಕ್ಕೆ ಒಂದು ಕೂದಲು ಕಡಿಮೆ. ‘ಇನ್ನೊಂದು ಮಿಲಿಮೀಟರ್ ಕೆಳಗೆ ಮುರಿದಿದ್ದರೆ ಬೇರೆ ಮಾತು ಆಡಬೇಕಾಗಿತ್ತು’ ಎಂದರು ನಮ್ಮ ವೈದ್ಯರು. ಬೇರೆ ಮಾತು ಎಂದರೆ, ಬೇರನ್ನು ತಂತಿ ಕಟ್ಟಿ ನಿಧಾನವಾಗಿ ಕೆಳಕ್ಕೆ ಎಳೆದು ಹಲ್ಲನ್ನು ವಸಡಿನಿಂದ ಹೊರತರುವುದು, ಇಲ್ಲವೇ ವಸಡು ಮತ್ತು ಎಲುಬನ್ನು ಒಂದಿಷ್ಟು ತೆಗೆಯುವ ಶಸ್ತ್ರಚಿಕಿತ್ಸೆ, ಅದೂ ಆಗದಿದ್ದರೆ ಕಿತ್ತು ಬ್ರಿಡ್ಜ್ ಅಥವಾ ಇಂಪ್ಲಾಂಟ್. ಇವೆಲ್ಲ ಸಮಯವನ್ನೂ ಹಣವನ್ನೂ ಇನ್ನಷ್ಟು ಕೇಳುವ ದಾರಿಗಳು. ಕ್ಯಾಪ್ ಮುಂದೂಡಿದಾಗ ನಿಜವಾಗಿ ಕಳೆದುಹೋಗುವುದು ಈ ಎರಡು ಮಿಲಿಮೀಟರ್. ಅಲ್ಲಿ ನೋವು ಹೇಳುವ ನರ ಇಲ್ಲವಾದ್ದರಿಂದ ಅದು ಸದ್ದಿಲ್ಲದೆ ಹೋಗುತ್ತದೆ.

ಕೆಲಸ ಹೇಗೆ ನಡೆಯುತ್ತದೆ ಎಂದು ಹೇಳಿದರೆ ಹೆದರಿಕೆ ಅರ್ಧ ಕಡಿಮೆಯಾಗುತ್ತದೆ. ಮೊದಲು ಎಕ್ಸ್‌ರೇ ತೆಗೆದು ಬೇರಿನ ಉದ್ದ, ಹಳೆಯ ರೂಟ್ ಕೆನಾಲ್ ಸರಿಯಾಗಿ ತುಂಬಿದೆಯೇ ಎಂದು ನೋಡುತ್ತೇವೆ. ಅವನದು ಎಂಟು ತಿಂಗಳು ಬಾಯಿಗೆ ತೆರೆದುಕೊಂಡಂತಿದ್ದುದರಿಂದ ಒಳಗಿನ ತುಂಬುವಿಕೆಯನ್ನು ತೆಗೆದು ಮತ್ತೆ ಹೊಸದಾಗಿ ರೂಟ್ ಕೆನಾಲ್ ಮಾಡಬೇಕಾಯಿತು. ಆಮೇಲೆ ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಎಂಬ ತೆಳು ಹಾಳೆ ಕಟ್ಟಿ, ಬೇರಿನೊಳಗಿನ ಗಟ್ಟಾಪರ್ಚಾವನ್ನು ಪೋಸ್ಟ್‌ಗೆ ಬೇಕಾದಷ್ಟು ಮಾತ್ರ ತೆಗೆಯುತ್ತಾರೆ. ತುದಿಯಲ್ಲಿ ನಾಲ್ಕರಿಂದ ಐದು ಮಿಲಿಮೀಟರ್ ಬಿಡಲೇಬೇಕು, ಕೆಳಗಿನ ಸೋಂಕಿಗೆ ಬಿರಡೆ ಅದೇ. ಪೋಸ್ಟನ್ನು ಇಳಿಸಿ ಅಳತೆ ನೋಡಿ, ಒಳಗೆಲ್ಲ ತೊಳೆದು, ಕಾಗದದ ಬತ್ತಿಯಿಂದ ಒರೆಸಿ, ರಾಳದ ಸಿಮೆಂಟ್ ಹಾಕಿ ಕೂರಿಸುತ್ತಾರೆ. ಈ ಸಿಮೆಂಟ್ ನೀಲಿ ಬೆಳಕಿಗೂ ಗಟ್ಟಿಯಾಗುತ್ತದೆ, ಬೆಳಕು ತಲುಪದ ಆಳದಲ್ಲಿ ತಾನಾಗಿಯೂ ಗಟ್ಟಿಯಾಗುತ್ತದೆ. ಅದರ ಮೇಲೆ ಕಾಂಪೊಸಿಟ್‌ನಿಂದ ದಿಂಡು ಕಟ್ಟಿ, ಅಳತೆ ತೆಗೆದು, ಕ್ಯಾಪ್ ಬರುವವರೆಗೆ ತಾತ್ಕಾಲಿಕ ಕ್ಯಾಪ್. ಪೋಸ್ಟ್ ಮತ್ತು ದಿಂಡು ಒಂದೇ ಭೇಟಿಯಲ್ಲಿ ಮುಗಿದವು. ಎರಕದ ಲೋಹದ್ದಾದರೆ ಅಚ್ಚು ತೆಗೆದು ಲ್ಯಾಬ್‌ಗೆ ಕಳಿಸಿ ಕಾಯಬೇಕು.

ಈ ಇಡೀ ಕೆಲಸದಲ್ಲಿ ಶತ್ರು ಒಂದೇ, ಎಂಜಲು. ಅಂಟು ಹಿಡಿಯಬೇಕಾದ ಹೊತ್ತಿನಲ್ಲಿ ಹನಿ ಎಂಜಲು ಸೇರಿದರೂ ಬಂಧ ಸಡಿಲ. ಬಾಯಿಗೆ ರಬ್ಬರ್ ಹಾಳೆ ಕಟ್ಟಿದಾಗ ‘ಉಸಿರು ಕಟ್ಟತೈತಿ, ತಗೀರಿ’ ಎನ್ನುವವರಿಗೆ ನಾನು ಹೇಳುವುದು, ಮೂಗು ತೆರೆದೇ ಇದೆ, ಹದಿನೈದು ನಿಮಿಷ ತಾಳಿಕೊಳ್ಳಿ.

ಇನ್ನೊಂದು ಸಣ್ಣ ಲಾಭ ಬಿಟ್ಟೆ. ಗಾಜಿನೆಳೆ ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಹಾಗಾಗಿ ಸೆರಾಮಿಕ್ ಕ್ಯಾಪ್‌ನ ಒಳಗಿನಿಂದ ಲೋಹದ ಬೂದು ನೆರಳು ಇಣುಕುವುದಿಲ್ಲ. ಸಂದರ್ಶನಕ್ಕೆ ಹೋಗುವವರಿಗೆ, ಫೋಟೊ ತೆಗೆಸಿಕೊಳ್ಳುವಾಗ ಬಾಯಿ ಮುಚ್ಚುವವರಿಗೆ ಇದು ಸಣ್ಣದಲ್ಲವೇನೋ.

14 ಅಂಕದ ಲೆಕ್ಕ

ಅವನ ಭಯ ಬೇರೆಯೇ ಇತ್ತು. ಮುಂದಿನ ಹಲ್ಲು ಹೋದರೆ ಸೇನೆಯ ವೈದ್ಯಕೀಯ ಪರೀಕ್ಷೆಯಲ್ಲಿ ನೇರವಾಗಿ ಹೊರಗೆ ಹಾಕುತ್ತಾರೆ ಎಂದು ಅಕಾಡೆಮಿಯ ಗೆಳೆಯರು ಹೆದರಿಸಿದ್ದರು. ಇದು ಪೂರ್ತಿ ನಿಜವಲ್ಲ. ಸೇನೆಯಲ್ಲಿ ಹಲ್ಲಿಗೆ ಅಂಕಗಳಿವೆ, ಕನಿಷ್ಠ 14 ಡೆಂಟಲ್ ಪಾಯಿಂಟ್ ಬೇಕು. ಮುಂದಿನ ಹಲ್ಲು, ಕೋರೆಹಲ್ಲು, ಅದರ ಹಿಂದಿನ ಎರಡು ಸಣ್ಣ ದವಡೆ ಹಲ್ಲು, ಇವಕ್ಕೆ ತಲಾ 1. ದೊಡ್ಡ ದವಡೆ ಹಲ್ಲಿಗೆ 2. ಆದರೆ ಅಂಕ ಸಿಗಬೇಕಾದರೆ ಎದುರು ದವಡೆಯಲ್ಲಿ ಅದಕ್ಕೆ ಜೋಡಿ ಇರಬೇಕು. ಮೇಲಿನದು ಹೋದರೆ ಕೆಳಗಿನದು ಎಷ್ಟೇ ಗಟ್ಟಿಯಾಗಿದ್ದರೂ ಆ ಜೋಡಿಗೆ ಅಂಕವಿಲ್ಲ. 32 ಹಲ್ಲೂ ಪೂರ್ಣವಾಗಿದ್ದರೆ ಒಟ್ಟು 22, ಬುದ್ಧಿ ಹಲ್ಲು ಸರಿಯಾಗಿ ಬೆಳೆದಿರದಿದ್ದರೆ 20. ಇದರ ಜೊತೆಗೆ ಪ್ರತಿ ದವಡೆಯಲ್ಲಿ ಮುಂದಿನ ಆರರಲ್ಲಿ ನಾಲ್ಕು, ಹಿಂದಿನ ಹತ್ತರಲ್ಲಿ ಆರು ಹಲ್ಲು ಸರಿಯಾಗಿ ಜೋಡಿಯಾಗಿರಬೇಕು. ಕೊನೆಯ ಮಾತು ಪರೀಕ್ಷಿಸುವ ವೈದ್ಯಾಧಿಕಾರಿಯದು.

ಲೆಕ್ಕ ಹಾಕಿ ನೋಡಿ. ಮುಂದಿನ ಒಂದು ಹಲ್ಲು ಹೋದರೆ ಒಂದು ಅಂಕ ಹೋಗುತ್ತದೆ. ದವಡೆಯ ಹಲ್ಲು ಹೋದರೆ ಎರಡು. ಆದರೂ ಕ್ಲಿನಿಕ್‌ಗೆ ಓಡಿ ಬರುವುದು ಮುಂದಿನ ಹಲ್ಲಿಗೆ ಮಾತ್ರ. ಇವನ ಬಾಯಲ್ಲೂ ಕೆಳದವಡೆಯಲ್ಲಿ ಒಂದು ಹಲ್ಲು ರೂಟ್ ಕೆನಾಲ್ ಆಗಿ ಕ್ಯಾಪ್ ಇಲ್ಲದೆ ಕೂತಿತ್ತು. ಯಾರಿಗೂ ಕಾಣುವುದಿಲ್ಲವಲ್ಲ. ಅದಕ್ಕೆ ಪೋಸ್ಟ್ ಬೇಕಾಗಲಿಲ್ಲ. ದವಡೆ ಹಲ್ಲಿನ ನಡುವೆ ದೊಡ್ಡ ಕೋಣೆ ಇರುತ್ತದೆ, ದಿಂಡು ಹಿಡಿಯಲು ಬಹಳ ಸಲ ಅದೇ ಸಾಕು. ಕ್ಯಾಪ್ ಮಾತ್ರ ಬೇಕೇ ಬೇಕು, ಅಗಿಯುವ ಭಾರವೆಲ್ಲ ಬೀಳುವುದು ಅಲ್ಲಿ. ಅದಕ್ಕೂ ಅದೇ ವಾರ ಅಳತೆ ತೆಗೆದೆವು.

ಇದು ಹೇಳಿದ್ದಕ್ಕೆ ಕಾರಣವಿದೆ. ಫೈಬರ್ ಪೋಸ್ಟ್ ಒಳ್ಳೆಯದೆಂದು ಎಲ್ಲ ಹಲ್ಲಿಗೂ ಹಾಕಿಸಿಕೊಳ್ಳುವಂಥದ್ದಲ್ಲ. ಮುಂದಿನ ಹಲ್ಲು ಹೆಚ್ಚುಕಡಿಮೆ ಇಡಿಯಾಗಿದ್ದು ಹಿಂದೆ ಸಣ್ಣ ತೂತು ಮಾತ್ರ ಇದ್ದರೆ, ಒಂದು ಫಿಲ್ಲಿಂಗ್ ಸಾಕು, ಪೋಸ್ಟ್ ಬೇಡ, ಹಲವು ಸಲ ಕ್ಯಾಪ್ ಕೂಡ ಬೇಡ. ನಿಮಗೆ ಪೋಸ್ಟ್ ಬೇಕೆಂದು ಹೇಳಿದರೆ ‘ಯಾಕೆ ಬೇಕು? ವಸಡಿನ ಮೇಲೆ ಎಷ್ಟು ಹಲ್ಲು ಉಳಿದಿದೆ?’ ಎಂದು ಕೇಳಿ. ಯಾವ ವೈದ್ಯರೂ ಇದಕ್ಕೆ ಬೇಸರ ಮಾಡಿಕೊಳ್ಳಬಾರದು. ಎಕ್ಸ್‌ರೇ ತೋರಿಸಿ ಎರಡು ಮಾತು ಹೇಳಿದರೆ ಮುಗಿಯಿತು.

ದುಡ್ಡಿನ ಮಾತು ಬಾರದೆ ಈ ಬರಹ ಪೂರ್ತಿಯಾಗದು. ಪೋಸ್ಟ್, ದಿಂಡು, ಕ್ಯಾಪ್ ಮೂರೂ ಸೇರಿದರೆ ಖರ್ಚು ರೂಟ್ ಕೆನಾಲ್‌ನದನ್ನು ಸುಲಭವಾಗಿ ದಾಟುತ್ತದೆ. ಹಾಗಾಗಿ ಮೊದಲ ದಿನವೇ ಕೊನೆಯವರೆಗಿನ ಖರ್ಚು ಒಟ್ಟಿಗೆ ಕೇಳಿಕೊಳ್ಳಿ, ರೂಟ್ ಕೆನಾಲ್‌ದಷ್ಟೇ ಕೇಳಬೇಡಿ. ಖಾಸಗಿ ಕ್ಲಿನಿಕ್ ಕೈಗೆಟುಕದಿದ್ದರೆ ದಂತ ವೈದ್ಯಕೀಯ ಕಾಲೇಜುಗಳಿವೆ. ನಮ್ಮ ಜಿಲ್ಲೆಯಲ್ಲಿ ಬೆಳಗಾವಿಯಲ್ಲೇ ಎರಡು: 1985ರಲ್ಲಿ ಆರಂಭವಾದ ಕೆಎಲ್‌ಇ ವಿ.ಕೆ. ದಂತ ವಿಜ್ಞಾನ ಸಂಸ್ಥೆ, ಇನ್ನೊಂದು ಮರಾಠಾ ಮಂಡಳದ ನಾಥಾಜಿರಾವ್ ಹಲಗೇಕರ ದಂತ ಕಾಲೇಜು. ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಿ ‘ಕನ್ಸರ್ವೇಟಿವ್ ಡೆಂಟಿಸ್ಟ್ರಿ ಮತ್ತು ಎಂಡೊಡಾಂಟಿಕ್ಸ್’ ವಿಭಾಗ ಎಲ್ಲಿದೆ ಎಂದು ಕೇಳಬೇಕು. ಹೆಸರು ಉದ್ದ, ‘ರೂಟ್ ಕೆನಾಲ್ ಮಾಡೋದು ಎಲ್ಲಿ?’ ಎಂದರೂ ತೋರಿಸುತ್ತಾರೆ. ಕಾಲೇಜುಗಳಲ್ಲಿ ಸಾಮಾನ್ಯವಾಗಿ ದರ ಕಡಿಮೆ. ಎಂಡಿಎಸ್ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಣೆದುರು ಕೆಲಸ ಮಾಡುತ್ತಾರೆ, ಒಂದೊಂದು ಹಂತಕ್ಕೂ ಪರವಾನಗಿ ಬೇಕು. ಅದಕ್ಕೇ ಭೇಟಿಗಳು ಜಾಸ್ತಿ, ಹೊತ್ತೂ ಜಾಸ್ತಿ. ಭೋಜದಿಂದ ಹೋಗಿ ಬರಲು ಪ್ರತಿ ಸಲ ಒಂದು ದಿನವೇ ಹೋಗುತ್ತದೆ. ಪರೀಕ್ಷೆ ಹತ್ತಿರ ಇಟ್ಟುಕೊಂಡು ಶುರು ಮಾಡಬೇಡಿ, ರಜೆಯಲ್ಲಿ ಮಾಡಿಸಿಕೊಳ್ಳಿ. ಒಂದೇ ಸಲಕ್ಕೆ ಹಣ ಹೊಂದದಿದ್ದರೆ ಅದನ್ನು ಬಾಯಿ ಬಿಟ್ಟು ಹೇಳಿ. ಕ್ಯಾಪ್ ತಡವಾದರೂ ಪರವಾಗಿಲ್ಲ, ಹಲ್ಲನ್ನು ಹತ್ತಿ ಮತ್ತು ತಾತ್ಕಾಲಿಕ ಫಿಲ್ಲಿಂಗ್ ಮೇಲೆ ಬಿಡದೆ, ಒಳಗೆ ಭದ್ರವಾದ ಫಿಲ್ಲಿಂಗ್ ಮಾಡಿ ಎತ್ತರ ಸ್ವಲ್ಪ ತಗ್ಗಿಸಿ ಕಳಿಸುವ ಮಾರ್ಗವಿದೆ. ಅದು ಕೆಲ ತಿಂಗಳ ಉಸಿರು ಕೊಡುತ್ತದೆ.

ಆ ಹುಡುಗನ ಕ್ಯಾಪ್ ಕೂತು ಈಗ ಏಳನೇ ತಿಂಗಳು. ಮೊನ್ನೆ ತಪಾಸಣೆಗೆ ಬಂದಿದ್ದ, ಎಕ್ಸ್‌ರೇ ಸ್ವಚ್ಛವಾಗಿದೆ. ಕಬ್ಬನ್ನು ಈಗ ಕೊಯ್ತಾದಿಂದ ಸುಲಿದು ತುಂಡು ಮಾಡಿ ತಿನ್ನುತ್ತಾನಂತೆ, ಅಷ್ಟು ಸಾಕು. ಬಾಟಲಿ ಮುಚ್ಚಳ ತೆಗೆಯಲು, ದಾರ ಹರಿಯಲು ಆ ಹಲ್ಲು ಬೇಡ ಎಂದು ಮತ್ತೊಮ್ಮೆ ಹೇಳಿ ಕಳಿಸಿದೆ. ಭರ್ತಿ ರ‍್ಯಾಲಿ ಇನ್ನೂ ಆಗಿಲ್ಲ.

ಪೋಸ್ಟ್ ಹಾಕಿಸಿಕೊಂಡವರು ಗಮನಿಸಬೇಕಾದದ್ದು ಒಂದಿದೆ. ಕ್ಯಾಪ್ ಕಚ್ಚುವಾಗ ಸ್ವಲ್ಪ ಅಲುಗಿದಂತೆ ಆದರೆ, ಆ ಜಾಗದಿಂದ ಕೆಟ್ಟ ವಾಸನೆ ಅಥವಾ ಉಪ್ಪುಪ್ಪು ರುಚಿ ಬಂದರೆ, ನೋವಿಲ್ಲದಿದ್ದರೂ ಅವತ್ತೇ ಬನ್ನಿ. ಅಂಟು ಬಿಡಲು ಶುರುವಾಗಿದೆ ಎಂದರ್ಥ, ಸಂದಿಯಲ್ಲಿ ಎಂಜಲು ಇಳಿದು ಒಳಗಿನಿಂದ ಹುಳುಕು ಹಿಡಿಯುತ್ತದೆ. ಕ್ಯಾಪ್ ಪೋಸ್ಟ್ ಸಮೇತ ಕಿತ್ತು ಕೈಗೆ ಬಂದರೆ ಗಾಬರಿ ಬೇಡ, ಬೇರು ಉಳಿದಿರುವ ಸಾಧ್ಯತೆಯೇ ಹೆಚ್ಚು. ನೀರಿನಲ್ಲಿ ತೊಳೆದು, ಒಂದು ಸಣ್ಣ ಡಬ್ಬಿಯಲ್ಲಿ ಹಾಕಿಕೊಂಡು ಬನ್ನಿ. ಮನೆಯಲ್ಲಿ ನೀವೇ ಫೆವಿಕ್ವಿಕ್ ಹಚ್ಚಿ ಕೂರಿಸಿಕೊಳ್ಳಬೇಡಿ. ಈ ವರ್ಷವೇ ಹಾಗೆ ಇಬ್ಬರು ಬಂದಿದ್ದರು. ಹಲ್ಲು ಮತ್ತೆ ಕೂರಿಸಲು ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು ಆ ಅಂಟು ಕೆರೆಯಲು ಹಿಡಿಯಿತು, ಅವರಲ್ಲೊಬ್ಬರು ಹಲ್ಲನ್ನು ಹಿಂದುಮುಂದಾಗಿ ಅಂಟಿಸಿಕೊಂಡಿದ್ದರು.